ಕಾಲು ಕೂಡಿದ ಎರಡು, ಕಾಲು ಕಳೆದ ಎರಡು: ಗಡಿನಾಡಿನ ಭಿನ್ನರಾಶಿ ಲೆಕ್ಕಗಳು

ಮರಾಠಿಯ ‘ಪಾವಣೆದೋನ’ವೂ ಕನ್ನಡದ ‘ಒಂದೂಮುಕ್ಕಾಲು’ ಎಂಬುದೂ ಒಂದೇ ಬೆಲೆಯವು. ಆದರೆ ಆ ಬೆಲೆಯನ್ನು ಮುಟ್ಟುವ ಹಾದಿಗಳು ಬೇರೆ. ಮರಾಠಿ ಎರಡರವರೆಗೆ ಹೋಗಿ ಕಾಲಿನಷ್ಟು ಹಿಂದೆ ಸರಿಯುತ್ತದೆ. ಕನ್ನಡ ಒಂದರ ಮೇಲೆ ಮುಕ್ಕಾಲನ್ನು ಪೇರಿಸುತ್ತದೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಪ್ರದೇಶಗಳ ಕನ್ನಡಿಗರು ಈ ಎರಡು ಹಾದಿಗಳನ್ನೂ ಬಲ್ಲವರು. ಮಾತಿನಲ್ಲಿ ಒಡ್ಡಿದ ಲೆಕ್ಕವನ್ನು ಬಿಡಿಸುವ ಕ್ರಮವೇ ಹಾದಿಗೆ ತಕ್ಕಂತೆ ಬದಲಾಗುವುದರಿಂದ ಇದನ್ನು ಬರಿಯ ಶಬ್ದಕೋಶದ ಸಂಗತಿಯೆಂದು ಬದಿಗಿಡಲಾಗದು.

ಈ ಭೇದಕ್ಕೆ ನಮ್ಮ ಗಣಿತಶಾಸ್ತ್ರದಲ್ಲಿ ಹಳೆಯ ಹೆಸರುಗಳೇ ಇವೆ. ರಾಷ್ಟ್ರಕೂಟ ಅಮೋಘವರ್ಷನನ್ನು ಸ್ತುತಿಸಿ 9ನೆಯ ಶತಮಾನದ ನಡುವಿನಲ್ಲಿ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದ ಕಲಾಸವರ್ಣ ಭಾಗದಲ್ಲಿ ಭಿನ್ನರಾಶಿಗಳ ಆರು ಜಾತಿಗಳು ನಿರೂಪಿತವಾಗಿವೆ. ಪೂರ್ಣಸಂಖ್ಯೆಗೆ ಅಂಶವು ಕೂಡಿಕೊಂಡರೆ ಅದು ಭಾಗಾನುಬಂಧ. ಪೂರ್ಣಸಂಖ್ಯೆಯಿಂದ ಅಂಶವು ಕಳೆದುಹೋದರೆ ಭಾಗಾಪವಾಹ. ಇಂತಹ ವಿಂಗಡಣೆ ಮಹಾವೀರನಿಗಿಂತ ಹಿಂದಿನ ಬ್ರಹ್ಮಗುಪ್ತನಲ್ಲಿಯೂ ಉಂಟು. ಶಾಸ್ತ್ರಕಾರರು ಜಾತಿಯೆಂದು ಕರೆದುದನ್ನು ಮರಾಠಿ ತನ್ನ ದಿನಬಳಕೆಯ ಪದಗಳೊಳಗೇ ಅಡಗಿಸಿಕೊಂಡಿದೆ. ‘ಸವ್ವಾ’ ಎಂಬುದು ಸಪಾದ, ಕಾಲು ಕೂಡಿದ್ದು. ‘ಪಾಊಣ’ ಎಂಬುದು ಪಾದೋನ, ಕಾಲು ಕಡಿಮೆಯಾದದ್ದು. ‘ಅಡೀಚ’ ಮತ್ತೂ ಸ್ವಾರಸ್ಯಕರ: ಅರ್ಧತೃತೀಯ, ಅಂದರೆ ಮೂರನೆಯದು ಅರ್ಧವಾಗಿರುವ ಎರಡೂವರೆ. ಕನ್ನಡದ ಕಾಲು, ಅರೆ, ಮುಕ್ಕಾಲುಗಳಾದರೋ ಸಾಮಾನ್ಯವಾಗಿ ಅನುಬಂಧದಲ್ಲಿಯೇ ನಿಲ್ಲುತ್ತವೆ. (ಸಂಸ್ಕೃತದ ಪಾದವೂ ಕನ್ನಡದ ಕಾಲೂ ದೇಹದ ಅಂಗವನ್ನೂ ನಾಲ್ಕನೆಯ ಒಂದು ಪಾಲನ್ನೂ ಒಂದೇ ಪದದಿಂದ ಹೇಳುತ್ತವೆಂಬುದನ್ನು ಇಲ್ಲಿ ನೆನೆಯಬಹುದು.)

ಸೇರಿಗೆ 12 ಆಣೆಯಂತೆ 1¾ ಸೇರಿನ ಬೆಲೆಯೆಷ್ಟು? ಕನ್ನಡದ ಮಾತನ್ನು ಅನುಸರಿಸುವವನು 12ಕ್ಕೆ ಅದರ ಮುಕ್ಕಾಲಾದ 9ನ್ನು ಕೂಡಿಸಿ 21 ಆಣೆ ಎನ್ನುತ್ತಾನೆ. ಮರಾಠಿಯ ಮಾತನ್ನು ಅನುಸರಿಸುವವನು ಎರಡು ಸೇರಿನ 24ರಿಂದ ಒಂದು ಕಾಲಿನ 3ನ್ನು ಕಳೆಯುತ್ತಾನೆ. ಮೊದಲನೆಯವನಿಗೆ ಮುಕ್ಕಾಲಿನ ಮಗ್ಗಿ ಬೇಕು. ಎರಡನೆಯವನಿಗೆ ಕಾಲಿನ ಮಗ್ಗಿಯೇ ಸಾಕು. ಬಾಯಿಲೆಕ್ಕದಲ್ಲಿ ಇದು ಸಣ್ಣ ಅನುಕೂಲವಲ್ಲ. ಹಾಗಿದ್ದರೂ ಮರಾಠಿ ಶಾಲೆಗಳು ಪಾವಕಿ, ನಿಮಕಿಗಳೊಡನೆ ಪಾಊಣಕಿ, ಸವಾಯಕಿ, ದಿಡಕಿ, ಅಡೀಚಕಿಗಳನ್ನೂ, ಮೂರೂವರೆಯ ಮಗ್ಗಿಯಾದ ಔಟಕಿಯನ್ನೂ ಕಂಠಪಾಠ ಮಾಡಿಸುತ್ತಿದ್ದವು.

ಮಾತಿನ ಲೆಕ್ಕದಲ್ಲಿ ತಪ್ಪುಗಳೆಲ್ಲ ಒಂದೇ ಬಗೆಯವಲ್ಲ. ಮಹಾವೀರನ ಪ್ರಕೀರ್ಣಕ ವ್ಯವಹಾರದ ಪ್ರಸಿದ್ಧ ಸಮಸ್ಯೆಯನ್ನು ನೋಡಬಹುದು. ಪ್ರಣಯಕಲಹದಲ್ಲಿ ಹೆಂಡತಿಯ ಮುತ್ತಿನ ಸರ ಹರಿಯಿತು. ಮೂರನೆಯ ಒಂದು ಪಾಲು ದಾಸಿಯತ್ತ ಹೋಯಿತು, ಆರನೆಯ ಒಂದು ಪಾಲು ಹಾಸಿಗೆಯ ಮೇಲೆ ಬಿತ್ತು. ಉಳಿದುದರ ಅರ್ಧ, ಮತ್ತೆ ಉಳಿದುದರ ಅರ್ಧ, ಹೀಗೆ ಆರು ಸಲ ಚದುರಿ ಕೊನೆಗೆ 1,161 ಮುತ್ತುಗಳು ನಿಂತವು. ಮೊದಲೆರಡು ಪಾಲುಗಳು ಸೇರಿ ಅರ್ಧವಾಗುತ್ತವೆ. ಉಳಿದರ್ಧವನ್ನು ಆರು ಸಲ ಅರೆಮಾಡಿದರೆ ಸಿಗುವುದು ಸರದ 128ನೆಯ ಒಂದು ಪಾಲು. ಆದ್ದರಿಂದ ಸರದಲ್ಲಿದ್ದ ಮುತ್ತುಗಳು 1,48,608. ಸಮಸ್ಯೆಯ ಕೀಲು ‘ಉಳಿದುದರ’ ಎಂಬ ಷಷ್ಠಿಯಲ್ಲಿದೆ. ಅದನ್ನು ಮರೆತು ಇಡೀ ಸರದ ಅರ್ಧವನ್ನು ತೆಗೆದರೆ ಮೊದಲ ಸಲಕ್ಕೇ ಮುತ್ತುಗಳು ಮುಗಿದುಹೋಗುತ್ತವೆ; ತಪ್ಪು ತನ್ನನ್ನು ತಾನೇ ಬಯಲುಮಾಡಿಕೊಳ್ಳುತ್ತದೆ.

‘ಪಾವಣೆಚಾರ’ದಲ್ಲಿ ಹಾಗಾಗದು. ಪದದ ಮೊದಲಿಗೆ ‘ಪಾವು’ ಕಂಡಿತೆಂದು ಅದನ್ನು ನಾಲ್ಕೂಕಾಲು ಎಂದು ಕನ್ನಡಿಸಿದರೆ ಗಜಕ್ಕೆ 8 ಆಣೆಯ ಬಟ್ಟೆಗೆ 30 ಆಣೆಯ ಬದಲು 34 ಆಣೆ ಬರುತ್ತದೆ. ಎರಡೂ ಅಚ್ಚುಕಟ್ಟಾದ ಉತ್ತರಗಳೇ. ವಿದ್ಯಾರ್ಥಿಯ ಕೂಡಿಕೆ, ಗುಣಾಕಾರಗಳಲ್ಲಿ ದೋಷವನ್ನು ಹುಡುಕುವ ಪರೀಕ್ಷಕನಿಗೆ ಅಲ್ಲಿ ಏನೂ ಸಿಗದು. ಗಡಿನಾಡಿನ ಮಗುವಿನ ಸೋಲನ್ನು ಗಣಿತದ ದೌರ್ಬಲ್ಯವೆಂದು ಬರೆದಿಡುವ ಮುನ್ನ ಪ್ರಶ್ನೆ ಯಾವ ಭಾಷೆಯಿಂದ ಯಾವ ಭಾಷೆಗೆ ದಾಟಿಬಂದಿತೆಂಬುದನ್ನು ವಿಚಾರಿಸಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಉಳಿದ ಗಡಿಗಳಲ್ಲಿ ಈ ತೊಡಕು ಅಷ್ಟಾಗಿ ಇಲ್ಲ. ತಮಿಳಿನ ‘ಒನ್ರೇಮುಕ್ಕಾಲ್’, ಮಲಯಾಳದ ‘ಒನ್ನೇಮುಕ್ಕಾಲ್’, ತೆಲುಗಿನ ‘ಒಕಟಿ ಮುಪ್ಪಾವು’ ಎಲ್ಲವೂ ಕನ್ನಡದಂತೆ ಅನುಬಂಧಗಳೇ. ತಮಿಳಿನಲ್ಲಿ ತೊಡಕು ಕೆಳಗಿನ ಅಂಶಗಳಿಗೆ ಇಳಿದಾಗ ಬರುತ್ತದೆ: ಹದಿನಾರನೆಯ ಒಂದಾದ ವೀಸದ ಜೊತೆಗೆ ಇಪ್ಪತ್ತನೆಯ ಒಂದಾದ ‘ಮಾ’, ಎಂಬತ್ತನೆಯ ಒಂದಾದ ‘ಕಾಣಿ’, 320ನೆಯ ಒಂದಾದ ‘ಮುಂದಿರಿ’ಗಳೂ ಅಲ್ಲಿವೆ. ತೆಲುಗಿನ ಕಡೆ ನೆನೆಯಬೇಕಾದ ಸಂಗತಿ ಬೇರೆ. ಗಣಿತಸಾರಸಂಗ್ರಹವನ್ನು ಪಾವುಲೂರಿ ಮಲ್ಲನನು 11ನೆಯ ಶತಮಾನದಲ್ಲಿಯೇ ತೆಲುಗಿಗೆ ತಂದನು. ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ಬರೆದ ರಾಜಾದಿತ್ಯನು 12ನೆಯ ಶತಮಾನದವನು. ಅವನ ಇನ್ನೊಂದು ಕೃತಿಯ ಹೆಸರು ‘ಚಿತ್ರಹಸುಗೆ’. ಹಸುಗೆಯೆಂದರೆ ಪಾಲು ಹಂಚುವುದು.

16 ಆಣೆಯ ರೂಪಾಯಿ ಇದ್ದಷ್ಟು ಕಾಲ ಕಾಲು, ಅರೆಕಾಲು, ವೀಸಗಳು ಶೇಷವಿಲ್ಲದೆ ನಾಣ್ಯಗಳಾಗುತ್ತಿದ್ದವು. ವೀಸಕ್ಕೆ ಸರಿಯಾಗಿ ಒಂದು ಆಣೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯೇ ಪೈಸೆಗಳಾದ ಮೇಲೆ ಅದೇ ವೀಸವು 6¼ ಪೈಸೆಯಾಗಿ ಸ್ವತಃ ಮುರಿದ ಸಂಖ್ಯೆಯಾಯಿತು. ಭಿನ್ನದ ಮಗ್ಗಿಗಳಿಗೆ ಪೇಟೆಯಲ್ಲಿದ್ದ ಆಸರೆ ಸಡಿಲವಾಯಿತು. ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಪುಸ್ತಕದಲ್ಲಿ ಇಂದು 1¾ ಎಂದು ಅಂಕಿಯಲ್ಲಿ ಅಚ್ಚಾಗುವ ಸಂಖ್ಯೆಯು ಯಾವ ಜಾತಿಗೂ ಸೇರಿದ್ದಲ್ಲ. ಶಿಕ್ಷಕರು ಅದನ್ನು ಗಟ್ಟಿಯಾಗಿ ಓದಿದಾಗಲೇ ಅದು ಒಂದೂಮುಕ್ಕಾಲೋ ಪಾವಣೆದೋನವೋ ಆಗುತ್ತದೆ.