419.99: ಅಮೆರಿಕದ ಹೆದ್ದಾರಿ ಮೈಲಿಫಲಕಗಳು ಮತ್ತು ಅವುಗಳ ಕಳವಿನ ಚರಿತ್ರೆ

ಅಮೆರಿಕದ ಕೊಲೊರಾಡೋ ರಾಜ್ಯದಲ್ಲಿ ಐ-70 ಎಂಬ ಅಂತರರಾಜ್ಯ ಹೆದ್ದಾರಿ ಯೂಟಾ ಗಡಿಯಿಂದ ಕ್ಯಾನ್ಸಸ್ ಗಡಿಯವರೆಗೆ ಸುಮಾರು 450 ಮೈಲಿ ಸಾಗುತ್ತದೆ. ಪೂರ್ವದ ಬಯಲಿನಲ್ಲಿ, ಸ್ಟ್ರ್ಯಾಟನ್ ಎಂಬ ಸಣ್ಣ ಊರಿನ ಬಳಿ, ಅದರ 420ನೆಯ ಮೈಲಿ ಬರುತ್ತದೆ. ಅಲ್ಲಿದ್ದ ಹಸಿರು ಫಲಕವನ್ನು ಜನ ಮತ್ತೆ ಮತ್ತೆ ಕಿತ್ತೊಯ್ಯುತ್ತಿದ್ದರು. ಕಡೆಗೆ ರಾಜ್ಯದ ಸಾರಿಗೆ ಇಲಾಖೆ 420 ಎಂಬ ಸಂಖ್ಯೆಯನ್ನೇ ಕೈಬಿಟ್ಟು, ಅದರ ಜಾಗದಲ್ಲಿ 419.99 ಎಂದು ಬರೆದ ಫಲಕವನ್ನು ನಿಲ್ಲಿಸಿತು. 2014ರ ಜನವರಿಯಲ್ಲಿ ಈ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲಿ ತಮಾಷೆಯ ತುಣುಕಾಗಿ ಓಡಾಡಿತು.

ರಸ್ತೆಯ ಚರಿತ್ರೆಯನ್ನು ಓದುವವರಿಗೆ ಇದರಲ್ಲಿ ಗಂಭೀರವಾದ ಪ್ರಶ್ನೆಗಳಿವೆ. ಗುಜರಿಗೆ ಹಾಕಿದರೆ ಹೆಚ್ಚೇನೂ ಹುಟ್ಟದ ತಗಡನ್ನು ಜನ ಯಾಕೆ ಕದಿಯುತ್ತಾರೆ? ಕಳವಿನ ವಿರುದ್ಧ ಕಾನೂನುಗಳಿದ್ದೂ ಸರಕಾರ ಯಾಕೆ ಸಂಖ್ಯೆಯನ್ನೇ ಬದಲಿಸಬೇಕಾಯಿತು? ಈ ಕಳವಿನ ನಷ್ಟ ನಿಜವಾಗಿ ಬೀಳುವುದು ಯಾರ ಮೇಲೆ? ರಸ್ತೆಫಲಕಗಳಲ್ಲಿ ಎರಡು ಬಗೆಯಿದೆ ಎಂಬುದು ಈ ಲೇಖನದ ವಾದ. ಮೊದಲನೆಯ ಬಗೆಯಲ್ಲಿ ಕಳ್ಳನನ್ನು ಸೆಳೆಯುವುದು ಫಲಕದ ಮೇಲಿನ ಬರಹ. ಎರಡನೆಯದರಲ್ಲಿ ಆ ಬರಹ ಎಲ್ಲೆಡೆಯೂ ಒಂದೇ, ಜೀವ ಉಳಿಸುವುದು ಅದು ನಿಂತಿರುವ ಜಾಗ. ಮೊದಲನೆಯದಕ್ಕೆ ಆಡಳಿತ ಮದ್ದು ಕಂಡುಕೊಂಡಿದೆ. ಎರಡನೆಯದಕ್ಕೆ ಆ ಮದ್ದು ನಾಟುವುದಿಲ್ಲ. ಎರಡನ್ನೂ ಹುಡುಗಾಟವೆಂದು ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದ ಆದ ಅನಾಹುತವನ್ನು ಮುಂದೆ ನೋಡಲಿದ್ದೇವೆ.

ಕಲ್ಲಿನ ಕಾಲ

ಮೈಲಿ ಗುರುತಿನ ಪದ್ಧತಿಗೆ ಸ್ಪಷ್ಟ ರೂಪ ಕೊಟ್ಟವರು ರೋಮನ್ನರು. ಕ್ರಿ.ಪೂ. 312ರಲ್ಲಿ ಆರಂಭವಾದ ಆಪ್ಪಿಯನ್ ಮಾರ್ಗ ಅವರ ಮಹಾರಸ್ತೆಗಳಲ್ಲಿ ಮೊದಲನೆಯದು. ಕ್ರಿ.ಪೂ. ಎರಡನೆಯ ಶತಮಾನದ ಕೊನೆಗೆ ಗಾಯಸ್ ಗ್ರಾಕಸ್ ರಸ್ತೆಗಳನ್ನು ಅಳೆಸಿ ಮೈಲಿಗೊಂದು ಕಲ್ಲುಕಂಬ ನಿಲ್ಲಿಸಿದನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಆಳೆತ್ತರದ, ಟನ್ನುಗಟ್ಟಲೆ ತೂಕದ ಆ ಕಂಬಗಳನ್ನು ಹೊತ್ತೊಯ್ಯುವುದು ಯಾರಿಗೂ ಸುಲಭವಾಗಿರಲಿಲ್ಲ.

ವಸಾಹತು ಕಾಲದ ಅಮೆರಿಕಕ್ಕೂ ಕಲ್ಲೇ ಬಂತು. ಮ್ಯಾಸಚುಸೆಟ್ಸ್‌ನ ಮುಖ್ಯ ನ್ಯಾಯಾಧೀಶನಾಗಿದ್ದ ಪಾಲ್ ಡಡ್ಲಿ ಹದಿನೆಂಟನೆಯ ಶತಮಾನದ ಮೊದಲ ಅರ್ಧದಲ್ಲಿ ಬಾಸ್ಟನ್ ಸುತ್ತಲಿನ ರಸ್ತೆಗಳಲ್ಲಿ ತನ್ನ ಹೆಸರು ಕೆತ್ತಿದ ಮೈಲಿಗಲ್ಲುಗಳನ್ನು ನೆಡಿಸಿದ. ಬಾಸ್ಟನ್ನಿನಿಂದ ಸ್ಪ್ರಿಂಗ್‌ಫೀಲ್ಡ್‌ವರೆಗಿನ ಅಂಚೆರಸ್ತೆಯಲ್ಲಿ 1767ರ ಮೈಲಿಗಲ್ಲುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. 1806ರಲ್ಲಿ ಅಮೆರಿಕದ ಕಾಂಗ್ರೆಸ್ ಮಂಜೂರು ಮಾಡಿದ ನ್ಯಾಷನಲ್ ರೋಡ್‌ನ ಉದ್ದಕ್ಕೆ ಮುಂದೆ ಎರಕದ ಕಬ್ಬಿಣದ ಮೈಲಿಕಂಬಗಳು ಬಂದವು. ಕಲ್ಲಾಗಲಿ ಕಬ್ಬಿಣವಾಗಲಿ, ತನ್ನ ಭಾರವೇ ತನಗೆ ಕಾವಲು.

ಕನ್ನಡ ನಾಡಿನ ಗಡಿಕಲ್ಲುಗಳಿಗೆ ಭಾರದ ಜತೆಗೆ ಇನ್ನೊಂದು ಕಾವಲೂ ಇತ್ತು. ವಾಮನಮುದ್ರೆ, ಲಿಂಗಮುದ್ರೆ, ಮುಕ್ಕೊಡೆಗಳನ್ನು ಹೊತ್ತ ಕಲ್ಲುಗಳು ದತ್ತಿಭೂಮಿಯ ಎಲ್ಲೆಯನ್ನು ಸಾರುತ್ತಿದ್ದವು. ದಾನಶಾಸನಗಳ ಕೊನೆಯ ಶಾಪಾಶಯ, ಈ ಧರ್ಮವನ್ನು ಅಳಿದವರಿಗೆ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುತ್ತದೆಂದು ಎಚ್ಚರಿಸುತ್ತಿತ್ತು. ಸಾರ್ವಜನಿಕ ಗುರುತಿಗೆ ಕೈ ಹಚ್ಚುವುದೆಂದರೆ ಇಡೀ ಊರಿನ ಒಪ್ಪಂದಕ್ಕೆ ಕೈ ಹಚ್ಚಿದಂತೆ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಆಧುನಿಕ ಹೆದ್ದಾರಿಯ ಫಲಕ ಭಾರವನ್ನೂ ಕಳೆದುಕೊಂಡಿತು, ಈ ಭಯವನ್ನೂ ಕಳೆದುಕೊಂಡಿತು.

ಕಲ್ಲಿನಿಂದ ತಗಡಿಗೆ

ಮೋಟಾರುಕಾರು ಬಂದ ಮೇಲೆ ಗುರುತಿನ ರೂಪ ಬದಲಾಯಿತು. ಓಡುವ ಗಾಡಿಯಿಂದ ಕೆತ್ತನೆಯ ಅಕ್ಷರ ಓದಲಾಗುವುದಿಲ್ಲ. 1913ರಲ್ಲಿ ಘೋಷಣೆಯಾದ ಲಿಂಕನ್ ಹೆದ್ದಾರಿಯ ಉದ್ದಕ್ಕೂ 1928ರ ಸೆಪ್ಟೆಂಬರ್ 1ರಂದು ಬಾಯ್ ಸ್ಕೌಟ್ ಹುಡುಗರು ಸುಮಾರು 3,000 ಕಾಂಕ್ರೀಟ್ ಕಂಬಗಳನ್ನು ನೆಟ್ಟರು. ಪ್ರತಿಯೊಂದರಲ್ಲೂ ಲಿಂಕನ್ನನ ಮುಖದ ಲೋಹದ ಬಿಲ್ಲೆ. ರಸ್ತೆ ಅಗಲೀಕರಣಕ್ಕೂ ನೆನಪಿನ ವಸ್ತು ಸಂಗ್ರಹಿಸುವವರ ಆಸೆಗೂ ಸಿಕ್ಕಿ, ಮೂಲ ಜಾಗದಲ್ಲಿ ಈಗ ಉಳಿದಿರುವವು ಕೆಲವೇ.

1926ರ ನವೆಂಬರಿನಲ್ಲಿ ಅಮೆರಿಕದ ಹೆದ್ದಾರಿಗಳಿಗೆ ರಾಷ್ಟ್ರವ್ಯಾಪಿ ಸಂಖ್ಯೆಗಳು ಬಂದವು. 1935ರಲ್ಲಿ ಫಲಕಗಳ ಬಣ್ಣ, ಆಕಾರ, ಅಳತೆಗಳನ್ನು ನಿಗದಿಪಡಿಸುವ ರಾಷ್ಟ್ರೀಯ ಕೈಪಿಡಿಯ ಮೊದಲ ಆವೃತ್ತಿ ಹೊರಬಂತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾಯ್ದೆ 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿ ಜಾಲಕ್ಕೆ ಹಣ ಒದಗಿಸಿತು. ಈ ಜಾಲದಲ್ಲಿ ಹಸಿರು ತಗಡಿನ ಮೇಲೆ ಬಿಳಿ ಅಂಕಿಯ ಮೈಲಿಫಲಕ ಮನೆಮಾತಾಯಿತು. ಎಣಿಕೆಯ ನಿಯಮ ಸರಳ: ದಕ್ಷಿಣೋತ್ತರ ರಸ್ತೆಯಾದರೆ ರಾಜ್ಯದ ದಕ್ಷಿಣದ ಗಡಿಯಿಂದ, ಪೂರ್ವಪಶ್ಚಿಮ ರಸ್ತೆಯಾದರೆ ಪಶ್ಚಿಮದ ಗಡಿಯಿಂದ ಸೊನ್ನೆಯಲ್ಲಿ ಶುರು, ರಾಜ್ಯ ದಾಟಿದರೆ ಮತ್ತೆ ಸೊನ್ನೆ.

ಹಳೆಯ ಮೈಲಿಗಲ್ಲು ಊರು ಇನ್ನೆಷ್ಟು ದೂರ ಎಂದು ಹೇಳುತ್ತಿತ್ತು. ಈ ಫಲಕ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ. ಹೆದ್ದಾರಿಯಿಂದ ಹೊರಬೀಳುವ ದಾರಿಗಳ ಸಂಖ್ಯೆ ಇದಕ್ಕೇ ಹೊಂದಿಕೊಂಡಿರುತ್ತದೆ. ಅಪಘಾತದ ದಾಖಲೆ, ಡಾಂಬರು ಕೆಲಸದ ಗುತ್ತಿಗೆ, ಹಿಮ ತೆಗೆಯುವ ಯಂತ್ರದ ಪಾಳಿ ಎಲ್ಲವೂ ಈ ಅಂಕಿಯಲ್ಲೇ ನಡೆಯುತ್ತವೆ. ಪೂರ್ವ ಕೊಲೊರಾಡೋದಂಥ ಬಯಲಿನಲ್ಲಿ, ಹಿಮಗಾಳಿಯ ರಾತ್ರಿ ಕಾರು ಮಗುಚಿಬಿದ್ದವರು ತುರ್ತು ಸಹಾಯಕ್ಕೆ ಕರೆ ಮಾಡಿದಾಗ ಹೇಳಿಕೊಳ್ಳಲು ಊರಿನ ಹೆಸರಿರುವುದಿಲ್ಲ, ಗುಡ್ಡವಿರುವುದಿಲ್ಲ, ಮರವಿರುವುದಿಲ್ಲ. ಬಾಯಿಗೆ ಬರುವುದು ಕೊನೆಯದಾಗಿ ಕಂಡ ಮೈಲಿಸಂಖ್ಯೆ. ಮೊಬೈಲ್ ಫೋನು ಜಾಗ ತಿಳಿಸುವ ಈ ಕಾಲದಲ್ಲೂ ಸಿಗ್ನಲ್ ಕೈಕೊಟ್ಟ ಕಡೆ ಆ ಅಂಕಿಯೇ ಗತಿ.

ಮಣಿಯಲೇಬೇಕಾದ ಕಂಬ

ಇಷ್ಟು ಮುಖ್ಯವಾದ ಫಲಕವನ್ನು ಯಾಕೆ ಭದ್ರವಾಗಿ ನೆಡಬಾರದು? ಇದಕ್ಕೆ ಉತ್ತರ ಸುರಕ್ಷತೆಯ ಚರಿತ್ರೆಯಲ್ಲಿದೆ. ದಾರಿ ತಪ್ಪಿದ ಕಾರು ಗಟ್ಟಿ ಕಂಬಕ್ಕೆ ಬಡಿದರೆ ಒಳಗಿನವರು ಸಾಯುತ್ತಾರೆ ಎಂಬುದು 1960ರ ದಶಕದಲ್ಲಿ ಎಂಜಿನಿಯರುಗಳ ಗಮನವನ್ನು ಬಲವಾಗಿ ಸೆಳೆಯಿತು. ಟೆಕ್ಸಾಸ್ ಸಾರಿಗೆ ಸಂಶೋಧನಾ ಸಂಸ್ಥೆ ಆ ದಶಕದಲ್ಲಿ, ಗುದ್ದಿದೊಡನೆ ಬುಡದಲ್ಲಿ ಕಳಚಿಕೊಳ್ಳುವ ಕಂಬಗಳನ್ನು ರೂಪಿಸಿತು. 1966ರಲ್ಲಿ ಹೆದ್ದಾರಿ ಸುರಕ್ಷತಾ ಕಾಯ್ದೆ ಬಂತು. ರಸ್ತೆಬದಿಯ ಕಂಬ ಮಣಿಯಬೇಕು ಅಥವಾ ಮುರಿಯಬೇಕು ಎಂಬುದು ಕ್ರಮೇಣ ನಿಯಮವಾಯಿತು.

ಮೈಲಿಫಲಕವನ್ನು ಹತ್ತಿರದಿಂದ ನೋಡಿದರೆ ಇದು ಕಣ್ಣಿಗೆ ಬೀಳುತ್ತದೆ. ನೆಲಕ್ಕೆ ಬಡಿದು ನಿಲ್ಲಿಸಿದ, ತೂತುಗಳ ಸಾಲಿರುವ ತೆಳು ಉಕ್ಕಿನ ಪಟ್ಟಿ. ಅದರ ಮೇಲೆ ಬೆಳಕನ್ನು ಹಿಂದಕ್ಕೆ ಹೊಳೆಯಿಸುವ ಹಾಳೆ ಅಂಟಿಸಿದ ಅಲ್ಯೂಮಿನಿಯಂ ತಗಡು. ಬಿಗಿದಿರುವುದು ಒಂದೆರಡು ಬೋಲ್ಟು. ಒಂದು ಸ್ಪ್ಯಾನರ್ ಕೈಯಲ್ಲಿದ್ದವನಿಗೆ ಅದು ಕೆಲವು ನಿಮಿಷಗಳ ಕೆಲಸ. ಅಪಘಾತದಲ್ಲಿ ಜೀವ ಉಳಿಸಲೆಂದು ಕಂಬವನ್ನು ಹಗುರ ಮಾಡಿದ ನಿರ್ಧಾರವೇ ಕಳ್ಳನ ಕೆಲಸವನ್ನೂ ಹಗುರ ಮಾಡಿತು. ಆ ನಿರ್ಧಾರದಿಂದ ಹಿಂದೆ ಸರಿಯುವಂತಿಲ್ಲ, ಸರಿಯಬಾರದು. ಹೀಗಾಗಿ ಕಳವಿಗೆ ಪರಿಹಾರವನ್ನು ಕಂಬದ ಬಲದಲ್ಲಿ ಹುಡುಕುವ ದಾರಿ ಬಹುಮಟ್ಟಿಗೆ ಮುಚ್ಚಿಹೋಯಿತು.

ಅಂಕಿಗೆ ಅಂಟಿದ ಅರ್ಥ

ಎಲ್ಲ ಮೈಲಿಫಲಕಗಳೂ ಒಂದೇ ತಗಡಿನವು, ಒಂದೇ ಬೋಲ್ಟಿನವು. ಆದರೂ ಕೆಲವೇ ಸಂಖ್ಯೆಗಳಿಗೆ ಕಾಟ. ಅಂದಮೇಲೆ ಕಳ್ಳನಿಗೆ ಬೇಕಾದದ್ದು ಲೋಹವಲ್ಲ.

1926ರ ಪಟ್ಟಿಯಲ್ಲಿ ಹುಟ್ಟಿದ ರೂಟ್ 66, ಶಿಕಾಗೋದಿಂದ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾವರೆಗೆ ಹರಡಿತ್ತು. 1985ರಲ್ಲಿ ಅದನ್ನು ಅಧಿಕೃತವಾಗಿ ಪಟ್ಟಿಯಿಂದ ತೆಗೆಯುವ ಹೊತ್ತಿಗೆ ಅದು ಹಾಡು, ಸಿನಿಮಾ, ಪ್ರವಾಸಗಳ ಮೂಲಕ ದಂತಕಥೆಯಾಗಿತ್ತು. ಹಳೆಯ ದಾರಿಯ ನೆನಪಿಗೆ ನಿಲ್ಲಿಸಿದ ಫಲಕಗಳು ಅಭಿಮಾನಿಗಳ ಗೋಡೆ ಸೇರತೊಡಗಿದವು. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಗುರಾಣಿಯಾಕಾರದ ಆ ಚಿಹ್ನೆಯನ್ನು ಡಾಂಬರಿನ ಮೇಲೇ ದೊಡ್ಡದಾಗಿ ಬಿಡಿಸಿಟ್ಟರು. ರಸ್ತೆಯನ್ನು ಯಾರೂ ಸುತ್ತಿಕೊಂಡು ಹೋಗಲಾರರು.

ಅದೇ ರೂಟ್ 66ರ ಆರನೆಯ ಕವಲಿಗೆ ಕ್ರಮದ ಪ್ರಕಾರ 666 ಎಂಬ ಸಂಖ್ಯೆ ಬಂತು. ಕ್ರೈಸ್ತರ ಬೈಬಲಿನ ಕೊನೆಯ ಪುಸ್ತಕದಲ್ಲಿ ಅದು ಮೃಗದ ಸಂಖ್ಯೆ. ಲೆಕ್ಕದ ಪುಸ್ತಕದಿಂದ ಬಂದ ಅಂಕಿಗೆ ಧರ್ಮಗ್ರಂಥದ ಅರ್ಥ ತಗುಲಿ, ಜನರ ಬಾಯಲ್ಲಿ ಅದು ಸೈತಾನನ ಹೆದ್ದಾರಿಯಾಯಿತು, ಫಲಕಗಳು ಮಾಯವಾಗುತ್ತ ಹೋದವು. 2003ರಲ್ಲಿ ನ್ಯೂ ಮೆಕ್ಸಿಕೋ, ಕೊಲೊರಾಡೋ, ಯೂಟಾ ರಾಜ್ಯಗಳ ಕೋರಿಕೆಯಂತೆ ಆ ರಸ್ತೆ 491 ಆಯಿತು. ಬದಲಾವಣೆಯ ಸುದ್ದಿ ಹೊರಬಿದ್ದೊಡನೆ ಉಳಿದಿದ್ದ 666 ಫಲಕಗಳಿಗೂ ಜನ ಮುಗಿಬಿದ್ದರು. ಹೊಸ ಸಂಖ್ಯೆಯ ಮೇಲೆ ಅಂಥ ಮೋಹ ಯಾರಿಗೂ ಹುಟ್ಟಲಿಲ್ಲ.

420ರ ಕತೆ ಇನ್ನೂ ಈಚಿನದು. 1971ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್ ಪ್ರೌಢಶಾಲೆಯ ಹುಡುಗರ ಗುಂಪೊಂದು ಗಾಂಜಾಕ್ಕಾಗಿ ಸಂಜೆ 4.20ಕ್ಕೆ ಸೇರುತ್ತಿತ್ತು. ಅವರ ಗುಟ್ಟಿನ ಸಂಕೇತ ಮುಂದೆ ಗಾಂಜಾಪ್ರಿಯರೆಲ್ಲರ ಸಂಕೇತವಾಯಿತು. ಕೊಲೊರಾಡೋ 2012ರ ಜನಮತದಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಿ, 2014ರ ಜನವರಿ 1ರಂದು ಅಂಗಡಿಯಲ್ಲಿ ಮಾರಾಟ ಆರಂಭಿಸಿತು. ಅದಕ್ಕೂ ಮೊದಲಿನಿಂದಲೇ ಐ-70ರ ಆ ಫಲಕಕ್ಕೆ ಉಳಿಗಾಲವಿರಲಿಲ್ಲ. 2015ರಲ್ಲಿ ಐಡಾಹೋ ರಾಜ್ಯವೂ ತನ್ನ 95ನೆಯ ಹೆದ್ದಾರಿಯಲ್ಲಿ ಇದೇ ಕಾರಣಕ್ಕೆ 419.9 ಎಂಬ ಫಲಕ ಹಾಕಿತು. ಫೋರ್ಟ್ ಕಾಲಿನ್ಸ್ ಪಟ್ಟಣದ ಪಶ್ಚಿಮಕ್ಕೆ, ಲೈಂಗಿಕ ಸೂಚನೆ ಅಂಟಿಕೊಂಡ 69ರ ಬದಲು ಕೊಲೊರಾಡೋ 68.5 ಎಂದು ಬರೆಸಿದೆ. ಹಿಂದಿನ ಭಾರತೀಯ ದಂಡಸಂಹಿತೆಯ ದೆಸೆಯಿಂದ 420 ಎಂದರೆ ವಂಚಕ ಎಂದು ತಿಳಿಯುವ ನಮ್ಮಲ್ಲಿ ಆ ಫಲಕ ಯಾರ ಮನೆಯ ಗೋಡೆಗೂ ಅಲಂಕಾರವಾಗಲಾರದು. ಅಂಕಿ ಒಂದೇ, ಆಸೆ ಹುಟ್ಟಿಸುವುದು ಆಯಾ ಸಮಾಜ.

ಆಸ್ಟ್ರಿಯಾದ ಹಳ್ಳಿಯೊಂದರ ಅನುಭವವೂ ಇಂಥದ್ದೇ. ಇಂಗ್ಲಿಷಿನ ಅಶ್ಲೀಲ ಪದದಂತೆ ಕಾಣುತ್ತಿದ್ದ ಹೆಸರಿನ ದೆಸೆಯಿಂದ ಪ್ರವಾಸಿಗರು ಅದರ ಊರಫಲಕವನ್ನು ಕದಿಯುತ್ತಿದ್ದರು. 2021ರ ಜನವರಿ 1ರಿಂದ ಆ ಹಳ್ಳಿ ಫುಗ್ಗಿಂಗ್ ಎಂದು ಹೆಸರು ಬದಲಿಸಿಕೊಂಡಿತು.

ಐವತ್ತೆರಡು ಅಡಿಯ ಉಪಾಯ

ಬರಹವೇ ಕಳ್ಳನನ್ನು ಕರೆಯುವುದಾದರೆ ಬರಹವನ್ನು ತುಸು ಬದಲಿಸುವುದು ಬುದ್ಧಿವಂತಿಕೆ. 419.99ಕ್ಕೂ 420ಕ್ಕೂ ಇರುವ ಅಂತರ ಮೈಲಿಯ ನೂರನೆಯ ಒಂದು ಭಾಗ, ಅಂದರೆ 52.8 ಅಡಿ, ಸುಮಾರು 16 ಮೀಟರು. ಮೈಲಿಫಲಕವನ್ನು ಅದರ ಸರಿಯಾದ ಜಾಗದಲ್ಲಿ ನೆಡಲಾಗದಿದ್ದರೆ ಆಚೀಚೆ 50 ಅಡಿಯವರೆಗೆ ಸರಿಸಬಹುದು ಎಂದು ಅಮೆರಿಕದ ಫಲಕ ಕೈಪಿಡಿ ಸಲಿಗೆ ಕೊಟ್ಟಿದೆ. ಕೊಲೊರಾಡೋದ ಉಪಾಯ ಹೆಚ್ಚುಕಡಿಮೆ ಆ ಸಲಿಗೆಯ ಅಳತೆಯದೇ. ಆಂಬುಲೆನ್ಸಿನ ಚಾಲಕನಿಗೆ 16 ಮೀಟರು ಲೆಕ್ಕಕ್ಕಿಲ್ಲ. ಗುರುತಿನ ಉಪಯೋಗ ಉಳಿಯಿತು, ಅದರ ಮೇಲಿನ ಆಸೆ ತಗ್ಗಿತು.

ಸ್ಟಾಪ್ ಫಲಕ: 1996

ಈ ಉಪಾಯ ಕೈಕಟ್ಟಿ ಕೂರುವ ಜಾಗಕ್ಕೆ ಈಗ ಬರಬೇಕು. 1996ರ ಫೆಬ್ರವರಿಯಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದ ಪೂರ್ವಕ್ಕೆ, ಹಿಲ್ಸ್‌ಬರೋ ಕೌಂಟಿಯ ಹಳ್ಳಿರಸ್ತೆಗಳ ಕೂಡುಜಾಗದಲ್ಲಿ ಸ್ಟಾಪ್ ಫಲಕ ನಿಂತಿರಲಿಲ್ಲ, ನೆಲಕ್ಕೆ ಬಿದ್ದಿತ್ತು. ರಾತ್ರಿ ಕಾರಿನಲ್ಲಿ ಬಂದ ಮೂವರು ಯುವಕರು ನಿಲ್ಲಿಸದೆ ಮುಂದೆ ಹೋದರು. ಅಡ್ಡರಸ್ತೆಯಿಂದ ಬಂದ ಲಾರಿ ಗುದ್ದಿತು. ಮೂವರೂ ಸತ್ತರು. ಮೂವರ ವಯಸ್ಸೂ 18.

ಆ ಸುತ್ತಿನಲ್ಲಿ ಹಲವು ಫಲಕಗಳನ್ನು ಕದ್ದಿದ್ದಾಗಿ ಒಪ್ಪಿಕೊಂಡ ಬೇರೆ ಮೂವರು ಯುವಜನರ ಮೇಲೆ ಮೊಕದ್ದಮೆ ಹೂಡಲಾಯಿತು. ಆ ಒಂದು ಸ್ಟಾಪ್ ಫಲಕವನ್ನು ತಾವು ಮುಟ್ಟಿಲ್ಲ ಎಂದು ಅವರು ಹೇಳುತ್ತಲೇ ಇದ್ದರು. 1997ರಲ್ಲಿ ಜ್ಯೂರಿ ಅವರನ್ನು ನರಹತ್ಯೆಯ ಅಪರಾಧಿಗಳೆಂದು ತೀರ್ಮಾನಿಸಿತು. ತಲಾ 15 ವರ್ಷ ಸೆರೆವಾಸ. 2001ರಲ್ಲಿ ಮೇಲ್ಮನವಿ ನ್ಯಾಯಾಲಯ, ಸರಕಾರಿ ವಕೀಲರ ಕೊನೆಯ ವಾದದ ದೋಷವನ್ನು ಎತ್ತಿತೋರಿಸಿ ಆ ತೀರ್ಪನ್ನು ರದ್ದುಮಾಡಿತು, ಅವರು ಬಿಡುಗಡೆಯಾದರು. ಮೂರು ಮನೆಗಳು ಮಕ್ಕಳನ್ನು ಕಳೆದುಕೊಂಡವು. ಇನ್ನು ಮೂರು ಮನೆಗಳು ಮಕ್ಕಳ ಯೌವನದ ವರ್ಷಗಳನ್ನು ಜೈಲಿಗೆ ಒಪ್ಪಿಸಿದವು. ಇಂಥದ್ದನ್ನು ಹುಡುಗಾಟವೆಂದು ಕರೆಯಲು ಯಾವ ಸಮಾಜಕ್ಕೂ ಬಾಯಿ ಬರಬಾರದು.

ಸ್ಟಾಪ್ ಫಲಕದ ಬರಹವನ್ನು 419.99ರಂತೆ ತಿದ್ದಲಾಗುವುದಿಲ್ಲ. ಅದರ ಕೆಂಪು, ಅದರ ಎಂಟು ಮೂಲೆ, ಅದರ ಒಂದೇ ಪದ ಎಲ್ಲೆಡೆ ಒಂದೇ ಆಗಿರಬೇಕು. ಆ ಏಕರೂಪವೇ ಅದರ ಶಕ್ತಿ. ಹಾಗಾಗಿ ಅದಕ್ಕೆ ಬೇಕಾದ ರಕ್ಷಣೆ ಬೇರೆ: ಸಾಮಾನ್ಯ ಸ್ಪ್ಯಾನರಿಗೆ ಬಗ್ಗದ ಬೋಲ್ಟು, ಹಿಂಬದಿಯಲ್ಲಿ ನೆಟ್ಟ ದಿನಾಂಕ ಮತ್ತು ದಂಡದ ಎಚ್ಚರಿಕೆ, ಕಾಣೆಯಾದರೆ ಊರವರು ಕೂಡಲೇ ತಿಳಿಸುವ ವ್ಯವಸ್ಥೆ, ತಿಳಿದೊಡನೆ ಹೊಸದನ್ನು ನಿಲ್ಲಿಸುವ ಸಿಬ್ಬಂದಿ.

ನಮ್ಮ ರಸ್ತೆಗಳಿಗೆ ಇದರ ಪಾಠ

1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಗದಿಪಡಿಸಿದ ಮಾದರಿಯಂತೆ ನಮ್ಮಲ್ಲಿ ಕಿಲೋಮೀಟರು ಕಲ್ಲು ಇನ್ನೂ ಕಲ್ಲು ಅಥವಾ ಕಾಂಕ್ರೀಟೇ. ರಾಷ್ಟ್ರೀಯ ಹೆದ್ದಾರಿಯದಕ್ಕೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸಿರು. ಐದಕ್ಕೊಂದು ದೊಡ್ಡ ಕಲ್ಲು. ಅದನ್ನು ಕದಿಯುವವರಿಲ್ಲ. ಆದರೆ ಚತುಷ್ಪಥಗಳಲ್ಲಿ ಲೋಹದ ಫಲಕಗಳು ಹೆಚ್ಚಿದಂತೆ ಗುಜರಿಯ ಕಣ್ಣು ಅವುಗಳ ಮೇಲೆ ಬಿದ್ದಿದೆ. ಇಲ್ಲಿ ಕಳ್ಳನಿಗೆ ಬೇಕಿರುವುದು ಲೋಹ, ಆದ್ದರಿಂದ ಕೊಲೊರಾಡೋದ ಉಪಾಯ ನಮಗೆ ಒದಗುವುದಿಲ್ಲ. ಲೋಹಕ್ಕೆ ಬದಲಾಗಿ ಗುಜರಿ ಬೆಲೆಯಿಲ್ಲದ ವಸ್ತು, ಗುಜರಿ ಅಂಗಡಿಗಳ ಮೇಲೆ ನಿಗಾ, ಇವು ನಮ್ಮ ದಾರಿ. ಸಾರ್ವಜನಿಕ ಅಧಿಕಾರಿ ನೆಟ್ಟ ಗುರುತನ್ನು ನಾಶಮಾಡುವುದು ಅಥವಾ ಸರಿಸುವುದು ಅಪರಾಧವೆಂದು 1860ರ ದಂಡಸಂಹಿತೆಯ 434ನೆಯ ಕಲಮೇ ಹೇಳಿತ್ತು. ಕಾನೂನಿನ ಕೊರತೆ ಅಲ್ಲೂ ಇರಲಿಲ್ಲ, ಇಲ್ಲೂ ಇಲ್ಲ.

ಎರಡು ಸಾವಿರ ವರ್ಷಗಳ ಈ ಚರಿತ್ರೆ ಒಂದು ಕ್ರಮವನ್ನು ತೋರಿಸಿಕೊಡುತ್ತದೆ. ಫಲಕ ಕಾಣೆಯಾದಾಗ ಇಲಾಖೆ ಮೊದಲು ಕೇಳಬೇಕಾದದ್ದು ಕಳ್ಳನಿಗೆ ಇದರಲ್ಲಿ ಬೇಕಾದದ್ದೇನು ಎಂದು: ಬರಹವೇ, ಲೋಹವೇ? ಅದಕ್ಕೆ ತಕ್ಕಂತೆ ಬರಹವನ್ನೋ ವಸ್ತುವನ್ನೋ ಬದಲಿಸಬೇಕು. ಎರಡನ್ನೂ ಬದಲಿಸಲಾಗದ ಫಲಕಗಳು, ಅಂದರೆ ನಿಲ್ಲು, ದಾರಿ ಬಿಡು, ಮುಂದೆ ತಿರುವಿದೆ ಎನ್ನುವವು, ಸಾರ್ವಜನಿಕ ಹಣದಲ್ಲಿ ಮೊದಲ ಪಾಲು ಪಡೆಯಬೇಕು. ಮೈಲಿಫಲಕ ಒಂದು ವಾರ ಇಲ್ಲದಿದ್ದರೆ ಅದರ ಹಿಂದುಮುಂದಿನವು ದಾರಿ ಹೇಳುತ್ತವೆ. ಕೂಡುರಸ್ತೆಯ ಸ್ಟಾಪ್ ಫಲಕಕ್ಕೆ ಅಂಥ ಜತೆಗಾರನಿಲ್ಲ. ಅದು ಒಂದು ರಾತ್ರಿ ಇಲ್ಲದಿದ್ದರೂ ಸಾಕು, ಸಾವು ಸಂಭವಿಸಬಹುದು. ಈ ವ್ಯತ್ಯಾಸವನ್ನು ಶಾಲೆಯ ಪಾಠದಲ್ಲೂ ಚಾಲನಾ ಪರವಾನಗಿಯ ಪರೀಕ್ಷೆಯಲ್ಲೂ ಹೇಳಿಕೊಡುವುದು ಕಾಯ್ದೆಯ ಪುಸ್ತಕಕ್ಕೆ ಇನ್ನೊಂದು ಕಲಮು ಸೇರಿಸುವುದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ.