ದೇವದುರ್ಗದ ಧ್ವನಿಯೂ ಮಸ್ಕಿಯ ಮತವೂ

ಮಸ್ಕಿಯೆಂದೊಡನೆ ಚರಿತ್ರಾಭ್ಯಾಸಿಗಳಿಗೆ ನೆನಪಾಗುವುದು 1915ರಲ್ಲಿ ಅಲ್ಲಿ ದೊರೆತ, ದೇವಾನಾಂಪ್ರಿಯನು ಅಶೋಕನೇ ಎಂದು ಸ್ಥಿರಪಡಿಸಿದ ಶಾಸನವು. ನಮ್ಮ ಜಿಲ್ಲೆಯ ಆ ಊರಿನ ಈಚಿನ ವೃತ್ತಾಂತವೂ ಬರೆದಿಡತಕ್ಕದ್ದೇ.

2018ರ ಚುನಾವಣೆಯಲ್ಲಿ ಕಾಂಗ್ರೆಸಿನ ಪ್ರತಾಪಗೌಡ ಪಾಟೀಲರು ಭಾರತೀಯ ಜನತಾ ಪಕ್ಷದ ಬಸನಗೌಡ ತುರವಿಹಾಳರನ್ನು ಕೇವಲ 213 ಮತಗಳಿಂದ ಸೋಲಿಸಿದರು. ರಾಜ್ಯದಲ್ಲಿ ಕಾಂಗ್ರೆಸು-ಜನತಾದಳಗಳ ಸಮ್ಮಿಶ್ರ ಸರ್ಕಾರವಾಯಿತು. 2019ರ ಫೆಬ್ರವರಿ 8ರಂದು ಮುಖ್ಯಮಂತ್ರಿ ಕುಮಾರಸ್ವಾಮಿಯವರು ಒಂದು ಧ್ವನಿಮುದ್ರಿಕೆಯನ್ನು ಪತ್ರಕರ್ತರಿಗೆ ಕೇಳಿಸಿದರು. ಗುರುಮಠಕಲ್ಲಿನ ಜನತಾದಳದ ಶಾಸಕರ ಪುತ್ರರಾದ ಶರಣಗೌಡ ಕಂದಕೂರರಿಗೆ ದೇವದುರ್ಗದ ಪ್ರವಾಸಿಮಂದಿರದಲ್ಲಿ, ತಂದೆಯವರನ್ನು ಪಕ್ಷಾಂತರ ಮಾಡಿಸುವ ಸಲುವಾಗಿ, ಧನಾಧಿಕಾರಗಳ ಆಮಿಷವನ್ನೊಡ್ಡಲಾಯಿತೆಂಬುದು ಆರೋಪ. ಯಡಿಯೂರಪ್ಪನವರು ಮೊದಲು ಅದು ಕೃತ್ರಿಮವೆಂದರು. ಎರಡೇ ದಿನಗಳಲ್ಲಿ, ಧ್ವನಿಯು ತಮ್ಮದೇ ಹೌದು, ಆದರೆ ಕೆಲವು ಮಾತುಗಳನ್ನು ಮರೆಮಾಚಿದ್ದಾರೆ ಎಂದರು. ನ್ಯಾಯಶಾಸ್ತ್ರವು ಇಂಥದನ್ನು ಪ್ರತಿಜ್ಞಾಸಂನ್ಯಾಸವೆಂದು ಕರೆದು ಸೋಲಿನ ಸ್ಥಾನಗಳಲ್ಲಿ ಎಣಿಸಿದೆ. ರಾಜಕಾರಣದಲ್ಲಿ ಹಾಗೆ ಎಣಿಸುವವರಿಲ್ಲ. ದೇವದುರ್ಗದ ಮೊಕದ್ದಮೆಗೆ ತಡೆಯಾಜ್ಞೆ ದೊರೆಯಿತು. ಕಲಬುರಗಿಯ ಉಚ್ಚನ್ಯಾಯಾಲಯ ಪೀಠವು ಅದನ್ನು ತೆರವುಗೊಳಿಸಿದ್ದು 2021ರ ಮಾರ್ಚಿಯಲ್ಲಿ.

ಅಷ್ಟರಲ್ಲಿ ಸರ್ಕಾರವೇ ಉರುಳಿತ್ತು. 2019ರ ಜುಲೈಯಲ್ಲಿ ರಾಜೀನಾಮೆಯಿತ್ತ ಶಾಸಕರಲ್ಲಿ ಪ್ರತಾಪಗೌಡರೂ ಒಬ್ಬರು. 2021ರ ಏಪ್ರಿಲ್ 17ರ ಉಪಚುನಾವಣೆಯಲ್ಲಿ ಅದೇ ಇಬ್ಬರು ಗೌಡರು ಎದುರುಬದುರಾದರು. ಆದರೆ ಪ್ರತಾಪಗೌಡರು ಈಗ ಭಾಜಪದವರು, ಬಸನಗೌಡರು ಕಾಂಗ್ರೆಸಿನವರು! ಇಬ್ಬರೂ ಅಂಗಿ ಬದಲಿಸಿಕೊಂಡರೆಂದು ಹಾಸ್ಯಮಾಡಬಹುದು, ಮತದಾರರು ಹಾಸ್ಯಮಾಡಲಿಲ್ಲ. 213ರ ಅಂತರವಿದ್ದಲ್ಲಿ ಬಸನಗೌಡರನ್ನು 30,000ಕ್ಕೂ ಮಿಕ್ಕಿದ ಅಂತರದಿಂದ ಗೆಲ್ಲಿಸಿದರು. ರಾಜ್ಯಾಧಿಕಾರವು ಎದುರಾಳಿಯ ಪಕ್ಷದ ಕೈಯಲ್ಲಿದ್ದಾಗ ಬಂದ ಫಲಿತಾಂಶವಿದು.

ಶರಣಗೌಡರು 2023ರಲ್ಲಿ ಗುರುಮಠಕಲ್ಲಿನಿಂದ ಜನತಾದಳದ ಶಾಸಕರಾದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರ ಪಕ್ಷವೇ ಭಾಜಪದ ಮೈತ್ರಿಕೂಟವನ್ನು ಸೇರಿತು.