ರೇಫದ ಬೆನ್ನು ಹತ್ತಿದವರು

ಇಂಗ್ಲಿಷಿನಲ್ಲಿ ‘ಕಾರ್’, ‘ಫಾರ್ಮ್’ ಎನ್ನುವಾಗ ಸ್ವರದ ನಂತರದ ರೇಫವನ್ನು, ಅಂದರೆ ‘ರ್’ ಧ್ವನಿಯನ್ನು, ಸ್ಕಾಟ್ಲೆಂಡಿನವರೂ ಐರ್ಲೆಂಡಿನವರೂ ನಾಲಿಗೆ ಎತ್ತಿ ಉಚ್ಚರಿಸುತ್ತಾರೆ. ಲಂಡನ್ನಿನ ಶಿಷ್ಟರು ಅದನ್ನು ಬಿಟ್ಟು ಸ್ವರವನ್ನಷ್ಟೇ ಎಳೆಯುತ್ತಾರೆ. ಬರೆದುದನ್ನೆಲ್ಲ ಓದುವ ರೂಢಿಯ ನಮ್ಮಲ್ಲಿ ಹೆಚ್ಚಿನವರು ರೇಫ ಉಳಿಸಿಕೊಂಡವರೇ. ಈ ಪುಟ್ಟ ಧ್ವನಿಯ ಅಧ್ಯಯನಕ್ಕೆ ದೊಡ್ಡ ಚರಿತ್ರೆಯಿದೆ. ಯಾವ ಕಾಲದಲ್ಲಿ ಯಾರ ಬಾಯಿಗೆ ಕಿವಿಗೊಟ್ಟರು ಎಂಬುದೇ ಆ ಚರಿತ್ರೆಯ ತಿರುಳು ಎಂದು ನನಗನ್ನಿಸುತ್ತದೆ.

ಪದದ ಮೊದಲಲ್ಲಿ ಗಟ್ಟಿಯಾಗಿರುವ ರೇಫ ನಡುವೆಯೂ ಕೊನೆಯಲ್ಲೂ ಮೆದುವಾಗುತ್ತದೆ ಎಂದು ನಾಟಕಕಾರ ಬೆನ್ ಜಾನ್ಸನ್ ಗುರುತಿಸಿದ್ದ. ಅವನ ವ್ಯಾಕರಣ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1640ರಲ್ಲಿ. 1791ರ ಉಚ್ಚಾರಣಾ ನಿಘಂಟಿನಲ್ಲಿ ಜಾನ್ ವಾಕರ್, ಲಂಡನ್ನಿನ ಬಾಯಲ್ಲಿ ಅದು ಬಹುಮಟ್ಟಿಗೆ ಸ್ವರವೇ ಆಗಿಬಿಟ್ಟಿದೆ ಎಂದು ದಾಖಲಿಸಿದ. ಇವೆಲ್ಲ ಒಬ್ಬೊಬ್ಬ ವಿದ್ವಾಂಸನ ಕಿವಿಯ ಸಾಕ್ಷ್ಯಗಳು.

ಊರೂರು ಸುತ್ತಿ ಕೇಳುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಹೆರಾಲ್ಡ್ ಆರ್ಟನ್ ನೇತೃತ್ವದಲ್ಲಿ ಲೀಡ್ಸ್ ವಿಶ್ವವಿದ್ಯಾಲಯ ನಡೆಸಿದ ಇಂಗ್ಲಿಷ್ ಉಪಭಾಷೆಗಳ ಸಮೀಕ್ಷೆಯಲ್ಲಿ. 1950ರಿಂದ 1961ರವರೆಗೆ 313 ಸ್ಥಳಗಳಲ್ಲಿ, 1,300ಕ್ಕೂ ಹೆಚ್ಚು ಪ್ರಶ್ನೆಗಳೊಂದಿಗೆ. ನೈಋತ್ಯ ಇಂಗ್ಲೆಂಡಿನಲ್ಲೂ ಲ್ಯಾಂಕಾಶೈರಿನಲ್ಲೂ ರೇಫ ಜೀವಂತವಾಗಿತ್ತು. ನಾರ್ಥಂಬರ್ಲೆಂಡಿನಲ್ಲಿ ಅದು ಕಿರುನಾಲಿಗೆಯಿಂದ ಹೊರಡುತ್ತಿತ್ತು. ಆದರೆ ಮಾತಾಡಿಸಿದ್ದು ಬಹುಪಾಲು ಹಳ್ಳಿಯ ವಯಸ್ಸಾದ ಗಂಡಸರನ್ನು. ನಗರದವರು, ಯುವಕರು ಹೊರಗುಳಿದರು. ಹೆಂಗಸರಂತೂ ಸೇರಿದ್ದೇ ಕಡಿಮೆ. ಆ ಸಮೀಕ್ಷೆಯ ನಕ್ಷೆಗಳ ಬಗ್ಗೆ ನನಗೆ ಅಪಾರ ಗೌರವವಿದ್ದರೂ ಈ ಕೊರತೆ ಸಣ್ಣದಲ್ಲ.

ಭೂಗೋಳವೊಂದೇ ಸಾಲದು, ಸಮಾಜವನ್ನೂ ನೋಡಬೇಕು ಎಂದು ಅಮೆರಿಕದ ಭಾಷಾವಿಜ್ಞಾನಿ ರೇವನ್ ಮೆಕ್‌ಡೇವಿಡ್ 1948ರಲ್ಲೇ ದಕ್ಷಿಣ ಕ್ಯಾರೊಲಿನಾದ ರೇಫವನ್ನು ಆಧರಿಸಿ ವಾದಿಸಿದ್ದರು. ಅದನ್ನು ನಿಚ್ಚಳವಾಗಿ ತೋರಿಸಿಕೊಟ್ಟವರು ವಿಲಿಯಂ ಲೆಬಾವ್. 1962ರ ನವೆಂಬರಿನಲ್ಲಿ ಅವರು ನ್ಯೂಯಾರ್ಕಿನ ಮೂರು ಮಳಿಗೆಗಳಿಗೆ ಗಿರಾಕಿಯಂತೆ ಹೋದರು: ಸಿರಿವಂತರ ಸ್ಯಾಕ್ಸ್, ಮಧ್ಯಮವರ್ಗದ ಮೇಸೀಸ್, ಅಗ್ಗದ ಕ್ಲೈನ್. ನಾಲ್ಕನೆಯ ಮಹಡಿಯಲ್ಲಿರುವ ಸಾಮಾನು ಎಲ್ಲಿ ಸಿಗುತ್ತದೆಂದು ಸಿಬ್ಬಂದಿಯನ್ನು ಕೇಳಿದರು. ‘ಫೋರ್ತ್ ಫ್ಲೋರ್’ ಎಂಬ ಉತ್ತರದಲ್ಲಿ ಎರಡು ರೇಫಗಳಿಗೆ ಅವಕಾಶ: ಒಂದು ವ್ಯಂಜನದ ಮುಂದೆ, ಇನ್ನೊಂದು ಪದಾಂತ್ಯದಲ್ಲಿ. ಕೇಳಿಸಲಿಲ್ಲವೆಂಬಂತೆ ಮತ್ತೆ ಕೇಳಿದರೆ ಅದೇ ಉತ್ತರ ಇನ್ನಷ್ಟು ಒತ್ತಿ ಬರುತ್ತಿತ್ತು. ಮಾತಾಡಿಸಿದ್ದು 264 ಮಂದಿಯನ್ನು. ಪೂರ್ತಿಯಾಗಿಯೋ ಅಲ್ಲಲ್ಲೋ ರೇಫ ಉಚ್ಚರಿಸಿದವರು ಸ್ಯಾಕ್ಸ್‌ನಲ್ಲಿ ಶೇ. 62, ಮೇಸೀಸ್‌ನಲ್ಲಿ ಶೇ. 51, ಕ್ಲೈನ್‌ನಲ್ಲಿ ಶೇ. 20. ಇಂಗ್ಲೆಂಡಿನಲ್ಲಿ ಹಳ್ಳಿಗನ ಗುರುತಾದ ಧ್ವನಿ ಎರಡನೇ ಮಹಾಯುದ್ಧದ ನಂತರದ ನ್ಯೂಯಾರ್ಕಿನಲ್ಲಿ ಪ್ರತಿಷ್ಠೆಯ ಗುರುತು! ಧ್ವನಿಗೆ ಸ್ವತಃ ಮೇಲೂ ಇಲ್ಲ, ಕೀಳೂ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿಯನ್ನು ನಾನು ಕಂಡಿಲ್ಲ.

ಹೀಗೆ ಬಿಡಿಬಿಡಿಯಾಗಿ ನಡೆದ ಅಧ್ಯಯನಗಳ ನಂತರ, 1982ರಲ್ಲಿ ಜೆ. ಸಿ. ವೆಲ್ಸ್ ಮೂರು ಸಂಪುಟಗಳಲ್ಲಿ, ರೇಫ ಉಳಿಸಿಕೊಂಡ, ಬಿಟ್ಟ ಲೋಕದ ಇಂಗ್ಲಿಷ್ ಉಚ್ಚಾರಣೆಗಳನ್ನೆಲ್ಲ ಒಂದೇ ಚೌಕಟ್ಟಿಗೆ ತಂದರು.

ಆಮೇಲೆ ಕಿವಿಯನ್ನೇ ಪ್ರಶ್ನಿಸುವ ಕಾಲ ಬಂತು. ಸ್ಕಾಟ್ಲೆಂಡಿನ ಕಾರ್ಮಿಕ ಕುಟುಂಬಗಳ ಹದಿಹರೆಯದವರು ರೇಫ ಬಿಡುತ್ತಿದ್ದಾರೆ ಎಂಬ ವರದಿಗಳಿದ್ದವು. ಎಲೀನರ್ ಲಾಸನ್, ಜೇನ್ ಸ್ಟುವರ್ಟ್-ಸ್ಮಿತ್ ಮತ್ತು ಜೊತೆಗಾರರು ಗದ್ದದ ಕೆಳಗೆ ಅಲ್ಟ್ರಾಸೌಂಡ್ ಹಿಡಿದು ನೋಡಿದರೆ, ನಾಲಿಗೆಯ ತುದಿ ಏಳುತ್ತಲೇ ಇತ್ತು. ಆದರೆ ಎಷ್ಟೋ ಸಲ ದನಿ ನಿಂತ ಮೇಲೆ ಏಳುತ್ತಿತ್ತು, ಹಾಗಾಗಿ ಕೇಳುಗರಿಗೆ ತಲುಪುತ್ತಿರಲಿಲ್ಲ. ಕಳೆದುಹೋಯಿತೆಂದು ಬರೆದಿಟ್ಟ ಧ್ವನಿ ಬಾಯೊಳಗೆ ಇನ್ನೂ ನಡೆಯುತ್ತಿತ್ತು.

ಲ್ಯಾಂಕಾಶೈರಿನ ಬ್ಲ್ಯಾಕ್‌ಬರ್ನ್‌ನಲ್ಲಿ 28 ಮಂದಿಯ ಮಾತನ್ನು ಅಳೆದ ಡೇನಿಯೆಲ್ ಟರ್ಟನ್ ಮತ್ತು ರಾಬರ್ಟ್ ಲೆನನ್ ಅವರ 2023ರ ಅಧ್ಯಯನ ಹೇಳುವುದೂ ಗಮನಾರ್ಹ: ರೇಫ ಉಳಿದಿದೆ, ಆದರೆ ಬಹಳ ಕ್ಷೀಣವಾಗಿ. ಹಿಂದೆ ಮುದುಕರ ಬಾಯಲ್ಲಿ ಹುಡುಕಿದ್ದನ್ನು ಈಗ ಅಲ್ಲಿನ ಮಕ್ಕಳ ಬಾಯಲ್ಲೂ ಹುಡುಕಬೇಕು, ಅದೂ ಬೇಗ.